ಯಾದವಗಿರಿಯಲ್ಲಿ ಹಂಚಿದ ಮುನ್ನೂರು ಲೋಟ

ಶಿವಮಲ್ಲಪ್ಪನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ವಿಭೂತಿ ಇಟ್ಟುಕೊಳ್ಳದೆ ಮನೆಯಿಂದ ಹೊರಬಿದ್ದ ದಿನವಿಲ್ಲ. ಇರುವ ಚಟ ಒಂದೇ ಒಂದು. ಮರ ಕಣ್ಣಿಗೆ ಬಿದ್ದರೆ ಅದರ ಹೆಸರು ಹೇಳದೆ ಇರಲು ಅವನಿಂದ ಆಗುವುದಿಲ್ಲ. ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಸಿದ್ಧಾರ್ಥನಗರದಲ್ಲಿ ಅವನ ಭಾಮೈದ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಮಠದ ಸ್ವಾಮಿಗಳನ್ನು ಕರೆಸಿ, ದೇವರಮನೆಯ ಬಾಗಿಲ ಮುಂದೆ ಕೈಮುಗಿದು ನಿಂತು "ಅಪ್ಪಟ ತೇಗ, ಬುದ್ಧಿ" ಎಂದ. ಹಿಂದೆ ನಿಂತಿದ್ದ ಶಿವಮಲ್ಲಪ್ಪ ಸುಮ್ಮನಿರಬಾರದೆ? "ತೇಗ ಅಲ್ಲ ಬುದ್ಧಿ, ಬೇವು. ತೇಗದ ಬಣ್ಣ ಬಳಿದವ್ರೆ" ಎಂದುಬಿಟ್ಟ. ಸ್ವಾಮಿಗಳು ನಕ್ಕರು. ಭಾಮೈದ ನಗಲಿಲ್ಲ. ಅಲ್ಲಿಂದ ನಾಲ್ಕು ವರ್ಷ, ಒಡಹುಟ್ಟಿದ ತಮ್ಮನ ಮನೆಗೆ ಹೋಗಲು ಹೆಂಡತಿ ಸರ್ವಮಂಗಳಾಗೆ ಮುಖವಿರಲಿಲ್ಲ. ಆ ಸಿಟ್ಟನ್ನು ಅವಳು ಇಂದಿಗೂ ಗಂಡನ ತಟ್ಟೆಗೆ ಸಾರಿನ ಜೊತೆ ಬಡಿಸುತ್ತಾಳೆ.

ಉದಯಗಿರಿಯಲ್ಲಿ ಎರಡು ಮೆಕ್ಯಾನಿಕ್ ಶಾಪುಗಳ ನಡುವೆ ಅವನ ಅಂಗಡಿ. ಒಂದು ಲೇತು, ಒಂದು ಸ್ಟೂಲು, ಮೊಣಕಾಲುದ್ದ ಹೊಟ್ಟು. ಅದರಲ್ಲಿ ಕೂತು ನಲವತ್ತು ವರ್ಷದಿಂದ ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ತೊಟ್ಟಿಲಿನ ಕಡ್ಡಿ ಕಡೆಯುತ್ತಿದ್ದಾನೆ. ಆದರೆ ಮೈಸೂರಿನ ಅರ್ಧ ಜನ ಅವನನ್ನು ಬಲ್ಲದ್ದು ಹೊನ್ನೆ ಲೋಟದಿಂದ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ತೆಳು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಕಾಯಿಲೆ ಇಳಿಯುತ್ತದೋ ಇಲ್ಲವೋ ಡಾಕ್ಟರು ಹೇಳಬೇಕು. ಸರ್ವಮಂಗಳಾ ಆರು ವರ್ಷದಿಂದ ಆ ನೀರನ್ನೂ ಕುಡಿಯುತ್ತಿದ್ದಾಳೆ, ಮೈಸೂರುಪಾಕನ್ನೂ ತಿನ್ನುತ್ತಿದ್ದಾಳೆ. ಎರಡರಲ್ಲಿ ಯಾವುದು ಗೆಲ್ಲುತ್ತಿದೆ ಎಂದು ಇನ್ನೂ ತೀರ್ಮಾನವಾಗಿಲ್ಲ.

ಈ ಲೋಟಗಳಿಗೆ ಶಿವಮಲ್ಲಪ್ಪ ತರುತ್ತಿದ್ದುದು ಹಳೆಯ ಮನೆ ಕೆಡವಿದ ಕಡೆ ಸಿಕ್ಕುವ ತೊಲೆ, ಕಂಬಗಳನ್ನು. ಕಾಡಿನ ಹೊನ್ನೆ ಕಡಿಯುವುದು ಸುಲಭದ ಮಾತಲ್ಲ, ಕಡಿಯಲೂ ಬಾರದು. ಹಸಿ ಹೊನ್ನೆಯನ್ನು ಮುಟ್ಟಿ ಅವನಿಗೆ ಇಪ್ಪತ್ತು ವರ್ಷವಾಗಿತ್ತು.

ಈಗ ಮಗಳ ವಿಷಯಕ್ಕೆ ಬರೋಣ. ರಕ್ಷಿತಾ ಕನ್ನಡ ಎಂ.ಎ. ಮಾಡಿ, ಎರಡು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿ ಸೋತು, ಕೊನೆಗೆ ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿದ್ದ 'ಹಸಿರುಸಿರು ಕಮ್ಯುನಿಕೇಷನ್ಸ್' ಎಂಬ ಪ್ರಚಾರ ಕಂಪನಿಗೆ ಸೇರಿದ್ದಳು. ದೊಡ್ಡ ದೊಡ್ಡ ಕಂಪನಿಗಳು ಮಣ್ಣು, ನೀರು, ಮರಕ್ಕೆ ಏನು ಮಾಡಿದರೂ ಅದನ್ನು ಜನರ ಕಿವಿಗೆ ಇಂಪಾಗುವಂತೆ ಬರೆದುಕೊಡುವುದು ಆ ಬಂಗಲೆಯ ಕಸುಬು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಕೆಲಸಕ್ಕೆ ಹೋದವರು ಆ ಮನೆಯಲ್ಲಿ ಅವಳೇ ಮೊದಲು. ಸರ್ವಮಂಗಳಾ ಅದನ್ನು ದಿನಾ ಒರೆಸಿ ಕೊಡುತ್ತಿದ್ದಳು. ಆರು ತಿಂಗಳ ಪ್ರೊಬೇಷನ್ನಿನಲ್ಲಿ ಒಂದು ತಿಂಗಳು ಉಳಿದಿತ್ತು. ಅದು ಕಳೆದರೆ ಕೆಲಸ ಕಾಯಂ.

ಆ ಒಂದು ತಿಂಗಳೊಳಗೇ ಹೆಬ್ಬಳ್ಳಿಮಲೆಯ ಗಲಾಟೆ ಬಂದು ವಕ್ಕರಿಸಿತು. ಹಸಿರುಸಿರಿನ ಗಿರಾಕಿ ಮೇಘವನ ಪ್ಲಾಂಟೇಷನ್ಸ್ ಎಂಬ ಕಂಪನಿ ಅಲ್ಲಿನ ಕಾಫಿ ತೋಟವನ್ನು ಕೊಂಡಿತ್ತು. ತೋಟದ ಮೇಲ್ಭಾಗದಲ್ಲಿ ಯಾರೂ ನೆಡದೆ ತಾನಾಗಿ ಬೆಳೆದ ಹಳೆಯ ಕಾಡು. ಅದನ್ನು ಕಂಪನಿ ಬೋಳಿಸುತ್ತಿದೆ ಎಂದು ಯಾದವಗಿರಿಯದೇ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಅನಂತಪದ್ಮನಾಭ ಮತ್ತು ಅವರ 'ಮರ ಉಳಿಸಿ' ಬಳಗದವರು ಪುರಭವನದ ಮುಂದೆ ಧರಣಿ ಕೂತರು. ಕಂಪನಿ ಹೇಳಿತು, ನಾವು ಕಡಿಯುತ್ತಿರುವುದು ಸಿಲ್ವರ್ ಓಕ್ ಮಾತ್ರ, ಕಾಫಿಗೆ ನೆರಳಾಗಲೆಂದು ನೆಟ್ಟ ಹೊರದೇಶದ ಮರ, ನಮ್ಮ ನೆಲದ ಒಂದು ಮರವನ್ನೂ ಮುಟ್ಟಿಲ್ಲ. ಇದನ್ನು ದಿನಕ್ಕೊಂದು ಬಗೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವಳು ರಕ್ಷಿತಾ. ಪಾಪ, ಅವಳು ಅದನ್ನು ನಂಬಿಯೇ ಬರೆಯುತ್ತಿದ್ದಳು.

ಅವಳ ಬಾಸ್ ಸ್ವರೂಪ್‌ನ ತಲೆಯಲ್ಲಿ ಒಂದು ದಿನ ಮಿಂಚು ಹೊಳೆಯಿತು. ಆ ಸಿಲ್ವರ್ ಓಕಿನ ತುಂಡುಗಳಲ್ಲೇ ಮುನ್ನೂರು ಲೋಟ ಮಾಡಿಸಿ ಊರಿನ ಗಣ್ಯರಿಗೆ ಹಂಚಿದರೆ? 'ನಿಮ್ಮ ಕೈಯಲ್ಲಿದೆ ನಮ್ಮ ಪಾರದರ್ಶಕತೆ' ಎಂದೂ ಮರ ಮೇಘವನದ ಯಾರ್ಡಿನದೇ ಎಂದೂ ಡಬ್ಬಿಯ ಮೇಲೆ ಅಚ್ಚು ಹಾಕಿಸಿದರೆ? ಲೋಟ ಕಡೆಯುವವನು ರಕ್ಷಿತಾಳ ಅಪ್ಪನೇ ಎಂದು ತಿಳಿದಾಗಲಂತೂ ಅವನು ಕುರ್ಚಿಯಿಂದ ಎದ್ದೇ ಬಿಟ್ಟನಂತೆ.

ಟೆಂಪೋ ಉದಯಗಿರಿಗೆ ಬಂದದ್ದು ಒಂದು ಮಂಗಳವಾರ. ಮೇಘವನದ ಯಾರ್ಡಿನಿಂದ ನೇರ ಬಂದಿತ್ತು. ಹಿಂದೆಯೇ ಕಾರಿನಲ್ಲಿ ಸ್ವರೂಪ್, ರಕ್ಷಿತಾ. ತುಂಡುಗಳ ಎರಡೂ ಕೊನೆಗೆ ಹಸಿರು ಬಣ್ಣ ಬಳಿದು 'ಎಸ್.ಒ.', ಅಂದರೆ ಸಿಲ್ವರ್ ಓಕ್, ಎಂದು ಬರೆದಿದ್ದರು. ಟೆಂಪೋದ ಹಿಂಬಾಗಿಲು ಬಿಚ್ಚುವ ಮುಂಚೆಯೇ ಶಿವಮಲ್ಲಪ್ಪನ ಮೂಗಿಗೆ ವಾಸನೆ ಬಡಿಯಿತು. ಒಂದು ತುಂಡನ್ನು ಎತ್ತಿ ತಿರುಗಿಸಿದ. ತೊಗಟೆ ಅಂಟಿಕೊಂಡಿದ್ದ ಕಡೆ ಕೆಂಪು ಅಂಟು ರಕ್ತ ಒಣಗಿದ ಹಾಗೆ ಗಟ್ಟಿಯಾಗಿತ್ತು. ಉಂಗುರಗಳನ್ನು ಹೆಬ್ಬೆರಳಲ್ಲಿ ಎಣಿಸುತ್ತಾ ಹೋದ, ಅರ್ಧಕ್ಕೇ ನಿಲ್ಲಿಸಿದ. ಅವನ ಅಜ್ಜ ಹುಟ್ಟುವ ಮುಂಚಿನ ಮರ.

ಬಾಯಿ ತೆರೆದ. ಎದುರಿಗೆ ಮಗಳು ನಿಂತಿದ್ದಳು. ಕೊರಳಲ್ಲಿ ಚೀಟಿ, ಮುಖದಲ್ಲಿ ಚಿಕ್ಕಂದಿನಲ್ಲಿ ಬಹುಮಾನ ತಂದಾಗ ಇರುತ್ತಿದ್ದ ನಗು. ತೆರೆದ ಬಾಯನ್ನು ಮುಚ್ಚಿದ. ನಲವತ್ತು ವರ್ಷದಲ್ಲಿ ಅದು ಮೊದಲ ಸಲ.

"ಆಗುತ್ತಲ್ವಾ ಅಪ್ಪಾಜಿ?" ಎಂದಳು ರಕ್ಷಿತಾ.

"ಆಗುತ್ತೆ ಕಣಮ್ಮ, ಚೆನ್ನಾಗೇ ಆಗುತ್ತೆ."

ಅವತ್ತು ಸಂಜೆ ಮನೆಗೆ ಬಂದು ಕೈ ತೊಳೆದರೆ ನೀರೆಲ್ಲ ಹಳದಿ. ಸರ್ವಮಂಗಳಾ ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಿದಳು. "ಹಸಿ ಹೊನ್ನೆ ಎಲ್ಲಿ ಸಿಕ್ತು ರೀ?"

"ಮಗಳ ಕಂಪನಿಯೋರು ಕಳಿಸಿದ್ದು."

ಅವಳು ದಡ್ಡಿಯಲ್ಲ. ಸಿಲ್ವರ್ ಓಕಿನ ಕಥೆಯನ್ನು ಮಗಳ ಬಾಯಲ್ಲೇ ಕೇಳಿದ್ದಳು. ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. "ನೋಡಿ, ಇನ್ನು ಇಪ್ಪತ್ತು ದಿನ. ಆ ಹುಡುಗಿ ಕೆಲಸಕ್ಕೆ ಕಲ್ಲು ಹಾಕ್ಬೇಡಿ. ನನ್ ತಮ್ಮನ ಮನೇಲಿ ಮಾಡಿದ ಹಾಗೆ ಬಾಯಿ ಬಿಟ್ರೆ ನಾನು ಸುಮ್ನಿರಲ್ಲ. ಮರದ ಹೆಸರು ನಿಮ್ ಬಾಯಲ್ಲಿ ಬರಕೂಡದು."

"ಬರಲ್ಲ ಬುಡು" ಎಂದ ಶಿವಮಲ್ಲಪ್ಪ. ಲಿಂಗದ ಮೇಲೆ ಕೈಯಿಟ್ಟು ಹೇಳಿದ. ಮಾತು ಕೊಟ್ಟ ಮೇಲೆ ತಪ್ಪುವವನಲ್ಲ ಅವನು. ಮರದ ಹೆಸರು ಅವನ ಬಾಯಲ್ಲಿ ಬರಲಿಲ್ಲ, ಅದು ನಿಜ. ಆದರೆ ಬಾಯಿಗೆ ಬೀಗ ಹಾಕಿದ ಮನುಷ್ಯನ ಕೈಯನ್ನು ಯಾರು ಕಟ್ಟಿದರು?

ಮುನ್ನೂರು ಲೋಟವನ್ನೂ ಒಂಬತ್ತು ದಿನದಲ್ಲಿ ಕಡೆದ. ಅಂಥ ಕೆಲಸ ಅವನ ಕೈಯಲ್ಲಿ ಹಿಂದೆ ಆಗಿರಲಿಲ್ಲ. ಸ್ವರೂಪ್ ನೋಡಲು ಬಂದಾಗ ತಾನಾಗಿಯೇ ಕೇಳಿದ, "ಸಾರ್, ಒಳಗಡೆಗೆ ಪಾಲಿಶ್ ಹೊಡೆದುಬುಡ್ಲಾ? ನೀರು ಮರಕ್ಕೆ ತಾಗಲ್ಲ."

"ಅಯ್ಯೋ ಬೇಡ ಅಂಕಲ್. ನಮ್ದು ಪರಿಸರದ ಕಾರ್ಯಕ್ರಮ. ಒಂದು ಹನಿ ಕೆಮಿಕಲ್ಲೂ ಇರಬಾರದು."

"ನೀರು ಮರಕ್ಕೆ ತಾಗಿದ್ರೆ ಪರ್ವಾಗಿಲ್ವಾ ಸಾರ್?"

"ತಾಗ್ಲಿ ಅಂಕಲ್. ತಾಗ್ಬೇಕು."

ಮೂರನೆಯ ಸಲವೂ ಕೇಳಿದ. ಆಮೇಲೆ ಯಾರೂ ತನ್ನ ಮೇಲೆ ದೂರುವಂತಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕಳ್ಳ ಸಮಾಧಾನ ಅದು, ಅವನಿಗೂ ಗೊತ್ತಿತ್ತು.

ಮಾರನೆಯ ದಿನ ವಿಡಿಯೋ ತೆಗೆಯಲು ಕ್ಯಾಮೆರಾ ಬಂತು. ಸ್ವರೂಪ್ ಒಂದು ಕಾಗದ ಕೊಟ್ಟ. 'ನಲವತ್ತು ವರ್ಷದಿಂದ ಮರ ಬಲ್ಲ ನಾನು ಹೇಳುತ್ತೇನೆ, ಇದು ಸಿಲ್ವರ್ ಓಕ್' ಎಂದು ಅದರಲ್ಲಿ ಬರೆದಿತ್ತು. ಅಕ್ಷರ ಮಗಳದ್ದು. ಶಿವಮಲ್ಲಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ, ಕನ್ನಡಕ ಮರೆತು ಬಂದೆ ಎಂದ. ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತು.

"ಓದಿ ಹೇಳೋದು ನನಗೆ ಬರಲ್ಲ ಸಾರ್. ನನಗೆ ತೋಚಿದ್ದು ಎರಡು ಮಾತು ಹೇಳ್ಲಾ?" ಎಂದು ಲೋಟ ಕೈಗೆತ್ತಿಕೊಂಡು ಕ್ಯಾಮೆರಾ ನೋಡಿದ. "ಈ ಲೋಟ ನಾನೇ ಕಡೆದಿದ್ದು. ಸುಮ್ನೆ ಶೋಕೇಸಲ್ಲಿ ಇಡ್ಬೇಡಿ. ರಾತ್ರಿ ನೀರು ತುಂಬಿ ಮುಚ್ಚಿಡಿ. ಬೆಳಿಗ್ಗೆ ಗಾಜಿನ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀರಿ. ಒಳ್ಳೇದಾಗುತ್ತೆ."

ಸ್ವರೂಪ್ ಕುಣಿಯುವುದೊಂದು ಬಾಕಿ. ತಾಮ್ರದ ಚೊಂಬಿನ ನೀರು ಇದ್ದ ಹಾಗೆ ಇದು ಆರೋಗ್ಯದ ಮಾತು, ಜನಕ್ಕೆ ಇದೇ ಬೇಕು, ಡಬ್ಬಿಯ ಮೇಲೂ ಇದನ್ನೇ ಹಾಕಿ ಎಂದ. ರಕ್ಷಿತಾ ಮಾತ್ರ ಒಂದು ಗಳಿಗೆ ಅಪ್ಪನ ಮುಖ ನೋಡಿದಳು. ಅವನು ಲೇತಿನ ಬೆಲ್ಟು ಸರಿಮಾಡಲು ಬಗ್ಗಿದ.

ಲೋಟ ಹಂಚಿದ್ದು ಶನಿವಾರ ಸಂಜೆ, ಬಂಗಲೆಯ ಹುಲ್ಲುಹಾಸಿನ ಮೇಲೆ. ನಿವೃತ್ತ ಅಧಿಕಾರಿಗಳು, ಡಾಕ್ಟರುಗಳು, ಪತ್ರಕರ್ತರು, ಬೆಳಗಿನ ವಾಕಿಂಗ್ ಸಂಘಗಳ ಅಧ್ಯಕ್ಷರು. ವಿರೋಧಿಗಳನ್ನೂ ಒಲಿಸಿಕೊಳ್ಳೋಣ ಎಂದು ಅನಂತಪದ್ಮನಾಭ ಮೇಷ್ಟ್ರ ಮನೆಗೂ ಒಂದು ಡಬ್ಬಿ ಕಳಿಸಿದರು. ಈ ಪಟ್ಟಿ ಮಾಡಿದವರು ಒಂದು ವಿಷಯ ಮರೆತಿದ್ದರು. ಮೈಸೂರಿನಲ್ಲಿ ಅರವತ್ತು ದಾಟಿದ ಮುನ್ನೂರು ಗಣ್ಯರನ್ನು ಒಂದು ಕಡೆ ಸೇರಿಸಿದರೆ ಅದರಲ್ಲಿ ಇನ್ನೂರು ಜನಕ್ಕೆ ಸಕ್ಕರೆ ಕಾಯಿಲೆ ಇರುತ್ತದೆ.

ಭಾನುವಾರ ಬೆಳಿಗ್ಗೆ ಊರಿನ ಇನ್ನೂರು ಅಡಿಗೆಮನೆಗಳಲ್ಲಿ ನೀರು ಗಾಜಿನ ಲೋಟಕ್ಕೆ ಬಿತ್ತು. ಇನ್ನೂರು ಜನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಾರಿಗೂ ಸಿಟ್ಟು ಬರಲಿಲ್ಲ, ಕಾಡಿನ ನೆನಪೂ ಆಗಲಿಲ್ಲ. ಎಲ್ಲರೂ ಮಾಡಿದ್ದು ಒಂದೇ, ಫೋನೆತ್ತಿ ಷಡ್ಡಕನಿಗೋ ಬೀಗರಿಗೋ ಹೇಳಿದರು, ಯಾದವಗಿರಿಯಲ್ಲಿ ಅಸಲಿ ಹೊನ್ನೆ ಲೋಟ ಪುಕ್ಕಟೆ ಹಂಚುತ್ತಿದ್ದಾರೆ, ಬೇಗ ಹೋಗಿ.

ಸೋಮವಾರ ಒಂಬತ್ತೂವರೆಗೆ ಸ್ವರೂಪ್ ಬಂದಾಗ ಬಂಗಲೆಯ ಗೇಟಿನಿಂದ ತಿರುವಿನವರೆಗೆ ಸಾಲು. ಕೈಯಲ್ಲಿ ಚೀಲ, ತಲೆಯ ಮೇಲೆ ಮಂಕಿ ಕ್ಯಾಪು. ಅವನಿಗೆ ಕಣ್ಣು ತುಂಬಿ ಬಂತು. ಜನ ನಮ್ಮನ್ನು ನಂಬಿದ್ದಾರೆ ಎಂದುಕೊಂಡ. ಸಾಲಿನ ಮುಂದೆ ನಿಂತು ಫೋಟೋ ತೆಗೆಸಿ, 'ಮೈಸೂರು ಸತ್ಯದ ಜೊತೆಗಿದೆ' ಎಂದು ಎಲ್ಲ ಕಡೆ ಹಾಕಿಸಿದ. ಹಾಕಿದವಳು ರಕ್ಷಿತಾ.

ಹತ್ತು ಗಂಟೆಗೆ ಅನಂತಪದ್ಮನಾಭ ಮೇಷ್ಟ್ರು ಬಂದರು. ಅವರೂ ಶಿಸ್ತಾಗಿ ಸಾಲಿನಲ್ಲೇ ನಿಂತು, ಸರದಿ ಬಂದಾಗ ಚೀಲದಿಂದ ಒಂದು ಗಾಜಿನ ಬಾಟಲು ತೆಗೆದು ಮೇಜಿನ ಮೇಲೆ ಬಿಸಿಲಿಗಿಟ್ಟರು. ಹೊಂಬಣ್ಣದ ನೀರು, ಅಂಚಿಗೆ ನೀಲಿ. ಸಾಲಿನಲ್ಲಿದ್ದ ಇಬ್ಬರು ಪತ್ರಕರ್ತರು ಹತ್ತಿರ ಬಂದರು.

"ಸ್ವರೂಪ್ ಅವರೇ, ಇದು ಯಾವ ಮರದ ನೀರು?"

"ಸಿಲ್ವರ್ ಓಕ್ ಸರ್."

"ಈ ಸಾಲಿನಲ್ಲಿ ನಿಂತಿರೋರನ್ನ ಕೇಳಿ ನೋಡಿ."

ಕೇಳುವ ಅಗತ್ಯವೇ ಬೀಳಲಿಲ್ಲ. "ಹೊನ್ನೆ ಕಣ್ರೀ, ನಾನು ಹನ್ನೆರಡು ವರ್ಷದಿಂದ ಕುಡೀತಿದೀನಿ" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದರು. "ಅದ್ಯಾವುದೋ ಇರ್ಲಿ, ಲೋಟ ಕೊಡ್ತೀರೋ ಇಲ್ವೋ?" ಎಂದರು ಇನ್ನೊಬ್ಬರು. ಮೇಷ್ಟ್ರು ನಿಧಾನವಾಗಿ ವಿವರಿಸಿದರು. ಹೊನ್ನೆ ನಮ್ಮ ಕಾಡಿನ ಮರ, ಯಾರೂ ಅದನ್ನು ಕಾಫಿಯ ನೆರಳಿಗೆಂದು ಆಸ್ಟ್ರೇಲಿಯಾದಿಂದ ತಂದು ನೆಟ್ಟಿಲ್ಲ. ಮುನ್ನೂರು ಲೋಟಕ್ಕೆ ಬೇಕಾದ ಮರ ಕಂಪನಿಯ ಯಾರ್ಡಿನಿಂದ ಬಂದಿದೆ ಎಂದು ಕಂಪನಿಯೇ ಡಬ್ಬಿಯ ಮೇಲೆ ಅಚ್ಚು ಹಾಕಿದೆ. ಸ್ವರೂಪ್‌ನ ಮುಖ ಸುಣ್ಣವಾಯಿತು. ಯಾರ್ಡಿನವರು ಕಡಿದ ಮರಕ್ಕೆಲ್ಲ 'ಎಸ್.ಒ.' ಎಂದೇ ಬರೆಯುತ್ತಿದ್ದರು ಎಂಬುದು ಅವನ ಪಾಲಿಗೂ ಹೊಸ ಸುದ್ದಿಯೇ. ಸಂಜೆಯೊಳಗೆ ಅರಣ್ಯ ಇಲಾಖೆಯ ಜೀಪು ಕಂಪನಿಯ ಯಾರ್ಡಿಗೆ ಹೋಗಿ ಹೊರಗೆ ಬೀಗ ಜಡಿಯಿತು.

ಉದಯಗಿರಿಯಲ್ಲಿ ಶಿವಮಲ್ಲಪ್ಪ ಇದನ್ನೆಲ್ಲ ಪಕ್ಕದ ಮೆಕ್ಯಾನಿಕ್ಕಿನ ಮೊಬೈಲಿನಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಮನೆಯಲ್ಲಿ ಮಾತ್ರ ಗಂಭೀರವಾಗಿದ್ದ. "ನಾನು ಹೆಸರು ಹೇಳಿಲ್ಲ" ಎಂದು ಹೆಂಡತಿಗೆ ವರದಿ ಒಪ್ಪಿಸಿದ. ಸರ್ವಮಂಗಳಾ ಅವನನ್ನು ದುರುಗುಟ್ಟಿ ನೋಡಿದಳು.

ಮಂಗಳವಾರ ಮಧ್ಯಾಹ್ನ ರಕ್ಷಿತಾ ಅಂಗಡಿಗೆ ಬಂದಳು. ಸ್ಟೂಲಿನ ಮೇಲಿನ ಹೊಟ್ಟು ಒರೆಸಿಕೊಳ್ಳದೆ ಕೂತಳು. ಕೈಯಲ್ಲಿ ಒಂದು ಹಾಳೆ.

"ಪತ್ರಿಕಾ ಪ್ರಕಟಣೆ. ಸ್ವರೂಪ್ ಸರ್ ಬರೆಸಿರೋದು. ಕೇಳಿ." ಅವಳು ಓದಿದಳು. "'ಕಂಪನಿ ನೀಡಿದ್ದ ಸಿಲ್ವರ್ ಓಕ್ ತುಂಡುಗಳನ್ನು ಕಡೆಯುವ ಮೇಸ್ತ್ರಿಯು ಬದಲಾಯಿಸಿ, ತನ್ನಲ್ಲಿದ್ದ ಹೊನ್ನೆ ಮರವನ್ನು ಬಳಸಿದ್ದಾನೆ. ಈ ವಂಚನೆಗೂ ಕಂಪನಿಗೂ ಸಂಬಂಧವಿಲ್ಲ.' ನಾನು ಸಂಜೆ ಐದಕ್ಕೆ ಇದನ್ನ ಪೇಪರ್‌ನೋರಿಗೆಲ್ಲ ಕಳಿಸ್ಬೇಕು. ಕಳಿಸಿದ್ರೆ ನಾಳೆನೇ ಕಾಯಂ ಅಂದವ್ರೆ."

ಶಿವಮಲ್ಲಪ್ಪನ ನಗು ಆರಿಹೋಯಿತು. ಮರ ಬದಲಾಯಿಸಿದವನು. ನಾಳೆಯಿಂದ ಅವನ ಅಂಗಡಿಗೆ ಬಂದು "ಇದು ಯಾವ ಮರ?" ಎಂದು ಕೇಳುವವರು ಅವನ ಉತ್ತರ ಕೇಳಿ ಒಳಗೊಳಗೇ ನಗುತ್ತಾರೆ. ಅವನಿಗೆ ಹೊಲವಿಲ್ಲ, ಸೈಟಿಲ್ಲ. ಇದ್ದದ್ದು ಆ ಒಂದು ಹೆಸರು. ಆದರೂ ಹೇಳಿದ, "ಕಳಿಸಿಬುಡು ಕಣಮ್ಮ. ನನಗೇನು, ಮುದುಕ. ನಿನ್ ಕೆಲಸ ನಿಲ್ಲಲಿ."

ಅವಳು ಹಾಳೆ ಮಡಿಸಿದಳು. "ಒಂದು ಕೇಳ್ತೀನಿ. ಟೆಂಪೋ ಬಂದ ದಿನ ನಿಮಗೆ ಗೊತ್ತಾಗಿತ್ತಾ?"

ಮರದ ವಿಷಯದಲ್ಲಿ ಅವನು ಸುಳ್ಳು ಹೇಳಿದವನಲ್ಲ. "ಬಾಗಿಲು ಬಿಚ್ಚೋಕೆ ಮುಂಚೆನೇ."

"ಅಮ್ಮಂಗೆ?"

"ಅವತ್ತು ಸಂಜೆ."

"ಅಂದ್ರೆ ಇಡೀ ಮೈಸೂರಿಗೆ ನೀರು ಕುಡಿಸಿ ತಿಳಿಸಿದ್ರಿ. ಗೊತ್ತಿಲ್ದೆ ಇದ್ದಿದ್ದು ನಾನೊಬ್ಬಳೇ. ಸಿಲ್ವರ್ ಓಕ್ ಅಂತ ಬರೆದು ನನ್ನ ಹೆಸರು ಹಾಕ್ಕೊಂಡು ಕೂತಿದ್ನಲ್ಲಪ್ಪಾಜಿ. ಒಂದು ಮಾತು ನನ್ನ ಕಿವೀಲಿ ಹೇಳ್ಬಾರದಿತ್ತಾ?"

"ಹೇಳಿದ್ರೆ ನಿನಗೆ ಕಷ್ಟ ಆಗ್ತಿತ್ತು ಅಂತ..."

"ಕಷ್ಟ ಪಡೋದು ಬಿಡೋದು ನಾನು ನೋಡ್ಕೋತಿದ್ದೆ. ನನ್ನನ್ನ ಅಷ್ಟಕ್ಕೂ ಆಗ್ದೋಳು ಅಂದ್ಕೊಂಡ್ಬುಟ್ರಿ."

ಅವಳು ಎದ್ದು ಹೋದಳು. ಆಟೋ ಸದ್ದು ಮರೆಯಾಗುವವರೆಗೂ ಶಿವಮಲ್ಲಪ್ಪ ಹಾಗೇ ನಿಂತಿದ್ದ. ಅಲ್ಲಿಯವರೆಗೆ ಅವನು ತನ್ನ ಜಾಣತನವನ್ನು ಮೆಚ್ಚಿಕೊಂಡಿದ್ದ. ಈಗ ಅದನ್ನು ನೆನೆದು ನಾಚಿಕೆಯಾಯಿತು.

ಬುಧವಾರದ ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿತ್ತು. ಹಸಿರುಸಿರಿನ ಲೆಟರ್‌ಹೆಡ್ಡಿನ ಮೇಲೇ ಹೋಗಿತ್ತು, ಸರಿಯಾಗಿ ಐದು ಗಂಟೆಗೆ. ಮರ ಕಂಪನಿಯ ಯಾರ್ಡಿನಿಂದ ಕಂಪನಿಯ ಟೆಂಪೋದಲ್ಲೇ ಬಂತು, ಟೆಂಪೋದ ನಂಬರ್ ಇಂಥದ್ದು, ಇಳಿಸಿಕೊಂಡು ರುಜು ಹಾಕಿದವಳು ನಾನು, ಮೇಸ್ತ್ರಿ ಕೊಟ್ಟ ಮರವನ್ನೇ ಕಡೆದಿದ್ದಾರೆ, ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆದದ್ದು ನನ್ನ ತಪ್ಪು. ಕೆಳಗೆ ಅವಳ ಹೆಸರು. ಐದೂ ಹತ್ತಕ್ಕೆ ಅವಳ ಗುರುತಿನ ಚೀಟಿ ಕಿತ್ತುಕೊಂಡರಂತೆ. ಹೆಬ್ಬಳ್ಳಿಮಲೆಯಲ್ಲಿ ಕಡಿತ ನಿಂತಿತು. ಬಿದ್ದ ಮರ ಬಿದ್ದದ್ದೇ.

ಮನೆಯಲ್ಲಿ ರಕ್ಷಿತಾ ಅಮ್ಮನ ಜೊತೆ ಮಾತಾಡುತ್ತಿದ್ದಳು, ಫೋನಿನಲ್ಲಿ ಗೆಳತಿಯರ ಜೊತೆ ನಗುತ್ತಿದ್ದಳು. ಅಪ್ಪನ ಜೊತೆ ಮಾತಿಲ್ಲ. "ಅಮ್ಮ, ಅವರಿಗೆ ಕಾಫಿ ಬೇಕಾ ಕೇಳು" ಎನ್ನುತ್ತಿದ್ದಳು, ಅವನು ಎರಡು ಮಾರು ದೂರದಲ್ಲಿ ಕೂತಿದ್ದಾಗ. ಹೀಗೆ ಹನ್ನೊಂದು ದಿನ. ಸರ್ವಮಂಗಳಾಗೂ ಬಯ್ಯಲು ಮನಸ್ಸು ಬರಲಿಲ್ಲ, ಗಂಡ ಸೊರಗಿದ್ದ.

ಹನ್ನೊಂದನೆಯ ದಿನ 'ಮರ ಉಳಿಸಿ' ಬಳಗದವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಮೈಸೂರಿನಲ್ಲಿ ಸನ್ಮಾನವೆಂದರೆ ಗೊತ್ತಲ್ಲ, ಜರಿಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಅವನ ಬೋಳುತಲೆಗೆ ಪೇಟ ಕಿವಿಯವರೆಗೆ ಇಳಿಯಿತು. ಮೇಷ್ಟ್ರು ಅವನ ಧೈರ್ಯವನ್ನು ಇಪ್ಪತ್ತು ನಿಮಿಷ ಹೊಗಳಿದರು. ತಾಯಿಯ ಬಲವಂತಕ್ಕೆ ಬಂದಿದ್ದ ರಕ್ಷಿತಾ ಕೊನೆಯ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದಳು.

ಮೈಕು ಕೊಟ್ಟಾಗ ಶಿವಮಲ್ಲಪ್ಪ ಪೇಟವನ್ನು ಹಣೆಯ ಮೇಲಕ್ಕೆ ಸರಿಸಿದ. "ಮೇಷ್ಟ್ರು ಧೈರ್ಯ ಅಂದ್ರು. ನನ್ದು ಧೈರ್ಯ ಅಲ್ಲ ಸ್ವಾಮಿ, ಕಿತಾಪತಿ. ಬಾಯಿ ಬಿಡದೆ ಮಾಡಿದ್ದು. ಹೆಸರು ಹಾಕಿ ಬರೆದೋಳು ನನ್ ಮಗಳು. ಕೆಲಸ ಕಳ್ಕೊಂಡೋಳೂ ಅವಳೇ. ಅವಳಿಗೆ ಮೋಸ ಮಾಡ್ದೆ. ತಪ್ಪಾಯ್ತು ಅಂತ ಮನೇಲಿ ಹೇಳೋಕೆ ನಾಲಿಗೆ ಏಳ್ತಿಲ್ಲ, ಅದಕ್ಕೆ ಇಲ್ಲಿ ಹೇಳ್ತಿದೀನಿ."

ಜನ ತಿರುಗಿ ನೋಡಿದರು. ರಕ್ಷಿತಾ ಎದ್ದು ವೇದಿಕೆಗೆ ಬಂದಳು. ಅಪ್ಪನ ಕಡೆ ನೋಡದೆ ಮೈಕು ತೆಗೆದುಕೊಂಡಳು. "ಎಲ್ಲರಿಗೂ ನಮಸ್ಕಾರ. ಇವರು ಹೇಳಿದ್ದೆಲ್ಲ ಸರಿ ಇದೆ" ಎಂದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅವಳು ಅಪ್ಪನ ಹೆಗಲಿನಿಂದ ಶಾಲು ತೆಗೆದು ಹೊದ್ದಳು, ಕೊರಳಿನ ಹಾರ ತೆಗೆದು ಹಾಕಿಕೊಂಡಳು, ಹಣ್ಣಿನ ಬುಟ್ಟಿ ಎತ್ತಿಕೊಂಡಳು, ಅಮ್ಮನನ್ನು ಕರೆದುಕೊಂಡು ಬಳಗದವರು ಸನ್ಮಾನಿತರಿಗೆಂದು ಗೊತ್ತುಮಾಡಿದ್ದ ಆಟೋ ಹತ್ತಿ ಹೊರಟುಹೋದಳು. ಪೇಟ ಮಾತ್ರ ಬಿಟ್ಟಿದ್ದಳು.

ಶಿವಮಲ್ಲಪ್ಪ ಪೇಟವನ್ನು ಕಂಕುಳಲ್ಲಿ ಹಿಡಿದು ಸಿಟಿ ಬಸ್ಸಿನಲ್ಲಿ ನಿಂತೇ ಮನೆಗೆ ಬಂದ. ತಾಯಿ ಮಗಳು ಕೂತು ಸೇಬು ಹೆಚ್ಚುತ್ತಿದ್ದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ. ರಕ್ಷಿತಾ ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ಅಪ್ಪಾಜಿ, ನಾಳೆ ನನಗೆ ಇಂಟರ್ವ್ಯೂ ಇದೆ."

ಅವನಿಗೆ ಜೀವ ಬಂದಂತಾಯಿತು. "ಹೌದಾ ಕಣಮ್ಮ? ಯಾವ ಕಂಪನಿ? ಏನ್ ಕೆಲಸ?"

ಅವಳು ಒಂದು ಹೋಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಅಮ್ಮಂಗೆ ಗೊತ್ತು. ನಿಮಗೆ ಹೇಳಲ್ಲ."